ಒಂದು ರಂಜಾನ್ ಸೀರಿಯಲ್‌ಗೆ ಇರಾಕ್ ಯಾಕಿಷ್ಟು ಹೆದರಿತು?

ಒಂದು ಟಿವಿ ಸೀರಿಯಲ್. ಹೆಸರು 'ಮುಆವಿಯಾ'. ಕಥೆ ಏಳನೇ ಶತಮಾನದ್ದು. ತೋರಿಸಿದ್ದು ಸೌದಿ ಅರೇಬಿಯಾದ ಎಂಬಿಸಿ ವಾಹಿನಿ. 2025ರ ಮಾರ್ಚ್ ಮೊದಲ ದಿನಗಳಲ್ಲಿ ರಂಜಾನ್ ಜೊತೆಗೇ ಇದೂ ಶುರುವಾಗಬೇಕಿತ್ತು. ಮೊದಲ ಕಂತು ಬರುವ ಮುಂಚೆಯೇ ಇರಾಕಿನ ಮಾಧ್ಯಮ ಆಯೋಗ, ನಮ್ಮ ದೇಶದಲ್ಲಿ ಇದನ್ನು ತೋರಿಸಕೂಡದು ಎಂದು ಆದೇಶ ಕೊಟ್ಟಿತು. ಇರಾನ್ ಅದರ ಡಬ್ಬಿಂಗ್ ಮತ್ತು ಹಂಚಿಕೆಗೆ ತಡೆ ಹಾಕಿತು.

ಎರಡೂ ಶಿಯಾ ಬಹುಸಂಖ್ಯಾತರ ದೇಶಗಳು. 'ಓ, ಅದೇ ಶಿಯಾ-ಸುನ್ನಿ ಜಗಳ' ಎಂದು ಪೇಪರ್ ಮಡಚಿಟ್ಟರೆ ಮುಗಿಯಿತು, ಅಲ್ವಾ? ಮುಗಿಯಲಿಲ್ಲ. ಸುನ್ನಿಗಳು ದೊಡ್ಡ ಗೌರವ ಕೊಡುವ ಕೈರೋದ ಅಲ್-ಅಝರ್ ಸಂಸ್ಥೆಯ ವಿದ್ವಾಂಸರೂ ಇದನ್ನು ಒಪ್ಪಲಿಲ್ಲ. ಸುನ್ನಿ ಹಣದಲ್ಲಿ, ಸುನ್ನಿಗಳು ಗೌರವಿಸುವ ವ್ಯಕ್ತಿಯ ಮೇಲೆ ಮಾಡಿದ ಸೀರಿಯಲ್‌ಗೆ ಸುನ್ನಿ ವಿದ್ವಾಂಸರದ್ದೇ ಆಕ್ಷೇಪ. ಸುದ್ದಿ ಓದಿದವರಿಗೆ ತಲೆ ಕೆಡುವುದು ಇಲ್ಲೇ.

ಗಂಟು ಬಿಚ್ಚಲು ಇತಿಹಾಸ ಸ್ವಲ್ಪ ಬೇಕು. ಅದಕ್ಕಿಂತ ಜಾಸ್ತಿ ಬೇಕಾಗುವುದು ಅರಬ್ ಟಿವಿ ಹೇಗೆ ನಡೆಯುತ್ತದೆ ಎಂಬ ತಿಳಿವಳಿಕೆ.

ಮುಆವಿಯಾ ಯಾರು?

ಉತ್ತರ ಕರ್ನಾಟಕದವರಿಗೆ ಈ ಕಥೆಯ ಕೊನೆ ಚೆನ್ನಾಗಿ ಗೊತ್ತು. ರಾಯಚೂರು, ಕೊಪ್ಪಳ, ಕಲಬುರಗಿ, ವಿಜಯಪುರದ ಹಳ್ಳಿಗಳಲ್ಲಿ ಮೊಹರಂ ಬಂದರೆ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತಾರೆ, ರಿವಾಯತ್ ಪದ ಹಾಡುತ್ತಾರೆ. ಮುದಗಲ್‌ನ ಮೊಹರಂಗೆ ಜಾತಿ ಧರ್ಮ ನೋಡದೆ ಜನ ಸೇರುತ್ತಾರೆ. ಆ ಪದಗಳಲ್ಲಿ ಬರುವ ಹಸನ-ಹುಸೇನರು ಪ್ರವಾದಿಯವರ ಮೊಮ್ಮಕ್ಕಳು. ಕರ್ಬಲಾದಲ್ಲಿ ಹುಸೇನರು ಯಜೀದನ ಸೈನ್ಯದ ಕೈಯಲ್ಲಿ ಪ್ರಾಣ ಬಿಟ್ಟದ್ದು ಕ್ರಿ.ಶ. 680ರಲ್ಲಿ.

ಆ ಯಜೀದನ ತಂದೆಯೇ ಮುಆವಿಯಾ.

ಸೀರಿಯಲ್ ಹೇಳುವುದು ಒಂದು ತಲೆಮಾರು ಹಿಂದಿನ ಕಥೆ. ಪ್ರವಾದಿಯವರು ತೀರಿಕೊಂಡ ಮೇಲೆ ಒಬ್ಬರಾದ ಮೇಲೊಬ್ಬರಂತೆ ನಾಲ್ವರು ಖಲೀಫರಾದರು, ಅಂದರೆ ಮುಸ್ಲಿಮರ ನಾಯಕರಾದರು. ಮೂರನೆಯವರಾದ ಉಸ್ಮಾನ್ ಅವರ ಕೊಲೆಯಾಯಿತು. ನಾಲ್ಕನೆಯವರಾಗಿ ಪ್ರವಾದಿಯವರ ಅಳಿಯ ಅಲಿ ಬಂದರು. ಆಗ ಸಿರಿಯಾದ ಅಧಿಪತಿಯಾಗಿದ್ದ ಮುಆವಿಯಾ ಅವರು ಉಸ್ಮಾನ್ ಅವರ ನೆಂಟರು. ಕೊಲೆಗಾರರಿಗೆ ಮೊದಲು ಶಿಕ್ಷೆಯಾಗಲಿ, ಆಮೇಲೆ ನಿಮ್ಮನ್ನು ಒಪ್ಪುತ್ತೇನೆ ಎಂದರು. 657ರಲ್ಲಿ ಸಿಫ್ಫೀನ್ ಎಂಬಲ್ಲಿ ಎರಡೂ ಕಡೆಯ ಸೈನ್ಯ ಎದುರುಬದುರಾಯಿತು. ಈಗಿನ ಸಿರಿಯಾದ ರಕ್ಕಾ ಊರಿನ ಹತ್ತಿರ, ಯೂಫ್ರಟಿಸ್ ನದಿಯ ದಂಡೆ ಅದು. ಯುದ್ಧ ಇತ್ಯರ್ಥವಾಗಲಿಲ್ಲ. 661ರಲ್ಲಿ ಕೂಫಾದಲ್ಲಿ ಅಲಿ ಅವರ ಹತ್ಯೆಯಾಯಿತು. ಅವರ ಹಿರಿಯ ಮಗ ಹಸನ್ ಒಪ್ಪಂದ ಮಾಡಿಕೊಂಡು ಹಿಂದೆ ಸರಿದರು. ಮುಆವಿಯಾ ಡಮಾಸ್ಕಸ್‌ನಿಂದ ಸುಮಾರು ಇಪ್ಪತ್ತು ವರ್ಷ ಆಳಿದರು. ಉಮಯ್ಯದ್ ವಂಶದ ಆಳ್ವಿಕೆ ಶುರುವಾದದ್ದು ಹೀಗೆ. ಬದುಕಿದ್ದಾಗಲೇ ಮಗ ಯಜೀದನನ್ನು ಉತ್ತರಾಧಿಕಾರಿ ಎಂದು ಸಾರಿದರು. ಖಲೀಫ ಪದವಿ ಅಪ್ಪನಿಂದ ಮಗನಿಗೆ ಹೋಗುವ ಆಸ್ತಿಯಾಯಿತು.

ಶಿಯಾಗಳ ಕಣ್ಣಲ್ಲಿ ಇದು ಅಧಿಕಾರ ಕಸಿದವರ ಕಥೆ. ಸುನ್ನಿಗಳ ನಿಲುವು ಅಷ್ಟು ಸರಳವಲ್ಲ. ಅವರಲ್ಲಿ ಬಹುತೇಕರು ಸಿಫ್ಫೀನ್‌ನಲ್ಲಿ ಸರಿಯಿದ್ದವರು ಅಲಿಯೇ ಎನ್ನುತ್ತಾರೆ. ಹಾಗಂತ ಮುಆವಿಯಾ ಅವರನ್ನು ಬೈಯುವುದಿಲ್ಲ. ಅವರೂ ಪ್ರವಾದಿಯವರ ಒಡನಾಡಿ, ಪ್ರವಾದಿಯವರಿಗಾಗಿ ಬರವಣಿಗೆ ಮಾಡಿದವರು ಎಂಬ ಗೌರವವಿದೆ. ದೊಡ್ಡವರ ನಡುವೆ ಆದ ಜಗಳದಲ್ಲಿ ನಾವು ಬಾಯಿ ಹಾಕಬಾರದು ಎಂಬುದು ಅಲ್ಲಿನ ಹಳೆಯ ರೂಢಿ.

ಇನ್ನೊಂದು ಮುಆವಿಯಾ ಕೂಡ ಇದ್ದಾರೆ, ಗಾದೆಯೊಳಗಿನವರು. 'ಜನರ ಮತ್ತು ನನ್ನ ನಡುವೆ ಒಂದು ಕೂದಲೆಳೆ ಇದ್ದರೂ ಅದು ಹರಿಯಲು ಬಿಡೆನು. ಅವರು ಎಳೆದರೆ ನಾನು ಸಡಿಲ ಬಿಡುವೆ, ಅವರು ಸಡಿಲ ಬಿಟ್ಟರೆ ನಾನು ಎಳೆಯುವೆ' ಎಂದು ಅವರು ಹೇಳಿದರೆಂಬ ಮಾತು ಅರಬ್ಬಿಯಲ್ಲಿ ಇಂದಿಗೂ ಬಳಕೆಯಲ್ಲಿದೆ. ಇಬ್ಬರು ಜಗಳವಾಡಿಯೂ ಮಾತು ಬಿಡದಿದ್ದರೆ 'ಮುಆವಿಯಾನ ಕೂದಲು ಉಳಿಸಿಕೊಂಡಿದ್ದಾರೆ' ಎನ್ನುತ್ತಾರೆ. ಜಾಣ ರಾಜಕಾರಣಿ, ಅರಬರ ಮೊದಲ ನೌಕಾಪಡೆ ಕಟ್ಟಿದವರು, ತಾಳ್ಮೆಯ ಆಡಳಿತಗಾರ. ಸೀರಿಯಲ್ ಮಾಡುವವರ ಬಾಯಲ್ಲಿ ನೀರೂರುವಂಥ ಪಾತ್ರ, ಇದರಲ್ಲಿ ಅನುಮಾನವಿಲ್ಲ.

ಉಪವಾಸ ಬಿಟ್ಟ ಮೇಲಿನ ಎರಡು ಗಂಟೆ

ಇದೇ ಕಥೆ ಪುಸ್ತಕವಾಗಿ ಬಂದಿದ್ದರೆ ಇಷ್ಟು ಗಲಾಟೆ ಆಗುತ್ತಿರಲಿಲ್ಲ. ಬಂದದ್ದು ಟಿವಿಯಲ್ಲಿ, ಅದೂ ರಂಜಾನ್ ತಿಂಗಳಲ್ಲಿ.

ಅರಬ್ ಮನೆಗಳಲ್ಲಿ ರಂಜಾನ್ ಸಂಜೆ ಹೇಗಿರುತ್ತದೆ ನೋಡಿ. ಸೂರ್ಯ ಮುಳುಗಿ ಬಾಂಗ್ ಕೇಳಿಸುತ್ತದೆ. ಖರ್ಜೂರ ಬಾಯಿಗೆ ಹೋಗುತ್ತದೆ, ಸೂಪು ಬರುತ್ತದೆ. ತಟ್ಟೆಗಳು ಎದ್ದಂತೆ ಟಿವಿ ಸದ್ದು ಏರುತ್ತದೆ. ಅಜ್ಜಿ, ಅಪ್ಪ, ಮಕ್ಕಳು, ಬಂದ ನೆಂಟರು ಎಲ್ಲರೂ ಒಂದೇ ಕೋಣೆಯಲ್ಲಿ. ವರ್ಷದ ಉಳಿದ ಹನ್ನೊಂದು ತಿಂಗಳು ತಲಾ ಒಂದೊಂದು ಫೋನ್ ಹಿಡಿದು ಕೂರುವ ಮನೆಯವರು ಈ ತಿಂಗಳು ಒಂದೇ ಪರದೆ ನೋಡುತ್ತಾರೆ. ಅಂಗಡಿ ಬಾಗಿಲು ತಡರಾತ್ರಿವರೆಗೆ ತೆರೆದಿರುತ್ತದೆ, ಆಫೀಸಿನ ಕೆಲಸದ ಗಂಟೆ ಕಡಿಮೆ ಇರುತ್ತದೆ, ಬೆಳಗಿನ ಜಾವದ ಊಟದವರೆಗೂ ಜನ ಎಚ್ಚರ.

ಇದನ್ನು ಜಾಹೀರಾತಿನವರು ಬಿಡುತ್ತಾರೆಯೇ? ನಮ್ಮಲ್ಲಿ ಐಪಿಎಲ್ ತಿಂಗಳು ಹೇಗೋ ಅಲ್ಲಿ ರಂಜಾನ್ ಹಾಗೆ. ಮೊಬೈಲ್ ಕಂಪನಿ, ಅಡುಗೆ ಎಣ್ಣೆ, ಚಹಾ, ಬ್ಯಾಂಕು ಎಲ್ಲರೂ ವರ್ಷದ ದೊಡ್ಡ ಜಾಹೀರಾತನ್ನು ಇದಕ್ಕೇ ಇಟ್ಟುಕೊಂಡಿರುತ್ತಾರೆ. ಹಾಗಾಗಿ ನಿರ್ಮಾಪಕರೂ ವರ್ಷದ ದೊಡ್ಡ ಸೀರಿಯಲ್‌ಗಳನ್ನು ಈ ಮೂವತ್ತು ದಿನಕ್ಕೇ ಹೊಲಿಯುತ್ತಾರೆ: ಸಾಮಾನ್ಯವಾಗಿ ದಿನಕ್ಕೊಂದರಂತೆ ಮೂವತ್ತು ಕಂತು. ನಮ್ಮ ಸೀರಿಯಲ್‌ಗಳಂತೆ ಎಂಟು ವರ್ಷ ಎಳೆಯುವ ಹಾಗಿಲ್ಲ. (ಈ ಒಂದು ವಿಷಯದಲ್ಲಿ ಅರಬ್ ವೀಕ್ಷಕರು ಪುಣ್ಯವಂತರು.) ಸೀರಿಯಲ್‌ಗೆ ಅರಬ್ಬಿಯಲ್ಲಿ 'ಮುಸಲ್ಸಲ್' ಎನ್ನುತ್ತಾರೆ. ಸರಪಳಿಯಂತೆ ಕೊಂಡಿ ಹಾಕಿದ್ದು ಎಂದು ಅರ್ಥ. ಹಿಂದಿ-ಉರ್ದು ಕೇಳಿದವರಿಗೆ ಗೊತ್ತಿರುವ 'ಸಿಲ್ಸಿಲಾ' ಇದೇ ಬೇರಿನ ಮಾತು.

ಇಷ್ಟು ಜನ ಒಟ್ಟಿಗೆ ಕೂತು ನೋಡುವ ಸಮಯದಲ್ಲಿ ಬಂದ ಕಥೆಗೆ ತಾನಾಗಿಯೇ ತೂಕ ಬರುತ್ತದೆ. 2023ರ ರಂಜಾನ್‌ನಲ್ಲಿ ಈಜಿಪ್ಟಿನ ನಟಿ ಮೋನಾ ಝಕಿ ಒಬ್ಬ ವಿಧವೆಯ ಪಾತ್ರ ಮಾಡಿದರು. ಗಂಡ ಸತ್ತ ಮೇಲೆ ಸ್ವಂತ ಮಕ್ಕಳ ಹಣ ಮುಟ್ಟಲೂ ಆಕೆ ಮಾವನ ಮುಂದೆ ಕೈಯೊಡ್ಡಬೇಕು. 1952ರ ಪಾಲಕತ್ವ ಕಾನೂನು ಹಾಗಿದೆ. ಸೀರಿಯಲ್ ಮುಗಿಯುವ ಹೊತ್ತಿಗೆ ಆ ಕಾನೂನು ತಿದ್ದಬೇಕೆಂಬ ಮಾತು ಸಂಸತ್ತಿನವರೆಗೆ ಹೋಗಿತ್ತು. ಎಷ್ಟೋ ವರ್ಷ ಹೋರಾಟಗಾರರು ಕೂಗಿ ಹೇಳಿದ್ದನ್ನು ಒಂದೇ ರಂಜಾನ್‌ನಲ್ಲಿ ಮನೆಮಾತು ಮಾಡುವ ಶಕ್ತಿ ಇದು. ಸರ್ಕಾರಗಳು ರಂಜಾನ್ ಸೀರಿಯಲ್ ಮೇಲೆ ಕಣ್ಣಿಡುವುದು ಸುಮ್ನೆ ಅಲ್ಲ.

ಎಲ್ಲರಿಗೂ ಅರ್ಥವಾಗುವ ಅರಬ್ಬಿ

ಅರಬ್ ಲೀಗ್‌ನಲ್ಲಿ 22 ದೇಶಗಳಿವೆ. ಬರೆಯುವ ಭಾಷೆ ಒಂದೇ, ಆಡುವ ಭಾಷೆ ಊರಿಗೊಂದು. ಮೊರಾಕೊದವರು ತಮ್ಮ ಪಾಡಿಗೆ ಮಾತಾಡಿದರೆ ಬಾಗ್ದಾದ್‌ನವರಿಗೆ ಬಹುಪಾಲು ತಿಳಿಯುವುದಿಲ್ಲ. ಹಾಗಾಗಿ ಇಂದಿನ ಬದುಕಿನ ಸೀರಿಯಲ್‌ಗಳು ಯಾವುದಾದರೂ ಒಂದು ಆಡುನುಡಿಯಲ್ಲಿರುತ್ತವೆ. ಈಜಿಪ್ಟಿನದ್ದು ಸಿನಿಮಾದಿಂದಾಗಿ ಹಲವರಿಗೆ ಗೊತ್ತು. ಸಿರಿಯಾದ್ದು ಸೀರಿಯಲ್‌ಗಳಿಂದ ಗೊತ್ತಾಯಿತು. ಕೊಲ್ಲಿ ದೇಶದ್ದು ಹೊರಗಿನವರಿಗೆ ಕಷ್ಟ.

ಈ ಭಾಷೆಯ ಆಟ ಎಷ್ಟು ದೊಡ್ಡದು ಎನ್ನುವುದಕ್ಕೆ 'ನೂರ್' ಸಾಕ್ಷಿ. ಟರ್ಕಿಯ ಈ ಸೀರಿಯಲ್ ತನ್ನ ದೇಶದಲ್ಲಿ ಅಷ್ಟೇನೂ ಹೆಸರು ಮಾಡಿರಲಿಲ್ಲ. ಅದಕ್ಕೂ ಮುಂಚೆ 90ರ ದಶಕದಲ್ಲಿ ಮೆಕ್ಸಿಕೋ ಸೀರಿಯಲ್‌ಗಳನ್ನು ಪುಸ್ತಕದ ಅರಬ್ಬಿಯಲ್ಲಿ ಡಬ್ ಮಾಡುತ್ತಿದ್ದರು. ಪ್ರೇಮಿಗಳು ಪಠ್ಯಪುಸ್ತಕ ಓದಿದ ಹಾಗೆ ಜಗಳವಾಡುತ್ತಿದ್ದರು. 'ನೂರ್' ಅನ್ನು ಎಂಬಿಸಿ ಸಿರಿಯಾದ ಮನೆಮಾತಿನಲ್ಲಿ ಡಬ್ ಮಾಡಿಸಿತು. 2008ರ ಆಗಸ್ಟ್‌ನಲ್ಲಿ ಬಂದ ಕೊನೆಯ ಕಂತನ್ನು ಎಂಟೂವರೆ ಕೋಟಿ ಜನ ನೋಡಿದರು ಎಂದು ಎಂಬಿಸಿಯೇ ಹೇಳಿಕೊಂಡಿತು. ಹೆಂಡತಿಯ ಜೊತೆ ಮೆದುವಾಗಿ ಮಾತಾಡುವ ನಾಯಕನನ್ನು ನೋಡಿ ಹೆಂಗಸರು ಮರುಳಾದರೆ, ಸೌದಿಯ ದೊಡ್ಡ ಮುಫ್ತಿಯವರು ಇದನ್ನು ನೋಡಬೇಡಿ ಎಂದರು. ನೋಡುವವರು ನಿಲ್ಲಲಿಲ್ಲ.

ಇತಿಹಾಸದ ಸೀರಿಯಲ್‌ಗಳ ಲೆಕ್ಕ ಬೇರೆ. ಖಲೀಫರು ಕೈರೋದ ಬೀದಿ ಭಾಷೆಯಲ್ಲಿ ಮಾತಾಡಿದರೆ ನಗೆಪಾಟಲು. ಅವರ ಬಾಯಲ್ಲಿ 'ಫುಸ್ಹಾ', ಅಂದರೆ ಶಿಷ್ಟ ಅರಬ್ಬಿಯೇ ಬರಬೇಕು. ಇದು ಎಲ್ಲ ದೇಶದವರೂ ಶಾಲೆಯಲ್ಲಿ ಕಲಿತ ಭಾಷೆ, ಕುರಾನ್‌ನ ಭಾಷೆಗೆ ಹತ್ತಿರದ್ದು. ಹಾಗಾಗಿ ಮೊರಾಕೊದಿಂದ ಇರಾಕ್‌ವರೆಗೆ ಡಬ್ಬಿಂಗ್ ಇಲ್ಲದೆ ಮಾರಾಟವಾಗುವ ಸರಕು ಎಂದರೆ ಇತಿಹಾಸದ ಸೀರಿಯಲ್. ಹಣ ಜಾಸ್ತಿ ಸುರಿಯಬಹುದು, ಮಾರುಕಟ್ಟೆ ದೊಡ್ಡದು. 'ಮುಆವಿಯಾ'ಗೆ 7.5 ಕೋಟಿಯಿಂದ 10 ಕೋಟಿ ಡಾಲರ್ ಖರ್ಚಾಗಿದೆ ಎಂಬ ಸುದ್ದಿ ಹಬ್ಬಿದ್ದು ಈ ಲೆಕ್ಕದಲ್ಲೇ.

ತೊಡಕೂ ಅಲ್ಲೇ ಇದೆ. ಎಲ್ಲರಿಗೂ ಅರ್ಥವಾಗುವ ಕಥೆ ಎಂದರೆ ಎಲ್ಲರಿಗೂ ಸೇರಿದ ಕಥೆ. ಎಲ್ಲರಿಗೂ ಸೇರಿದ ಆಸ್ತಿಯಲ್ಲಿ ತಕರಾರು ತಪ್ಪಿದ್ದು ಯಾವ ಮನೆಯಲ್ಲಿ?

ಚಾನೆಲ್ ಯಾರದು?

ಎಂಬಿಸಿ ಶುರುವಾದದ್ದು 1991ರಲ್ಲಿ, ಲಂಡನ್‌ನಲ್ಲಿ. ಕಟ್ಟಿದವರು ಸೌದಿ ಉದ್ಯಮಿ ವಲೀದ್ ಅಲ್-ಇಬ್ರಾಹಿಂ. ಆಗ ಸೌದಿ ನೆಲದಲ್ಲಿ ಕೂತು ಇಂಥ ಚಾನೆಲ್ ನಡೆಸುವುದು ಸಾಧ್ಯವಿರಲಿಲ್ಲ. 2002ರಲ್ಲಿ ದುಬೈಗೆ ಬಂತು. ಈಗ ಕೇಂದ್ರ ಕಚೇರಿ ರಿಯಾದ್‌ನಲ್ಲಿದೆ. ದುಡಿಯಲು ಹೋದ ಮಂಗಳೂರು, ಉಡುಪಿ, ಭಟ್ಕಳದವರಿಗೂ ಇದರ ಹೆಸರು ಹೊಸದಲ್ಲ. ಹಿಂದಿ ಸಿನಿಮಾ ಮತ್ತು ಸೀರಿಯಲ್ ತೋರಿಸಲು ಎಂಬಿಸಿ ಬಾಲಿವುಡ್ ಎಂಬ ಬೇರೆ ಚಾನೆಲ್ಲೇ ಇದೆ.

2017ರ ನವೆಂಬರ್‌ನಲ್ಲಿ ಒಂದು ತಿರುವು ಬಂತು. ಭ್ರಷ್ಟಾಚಾರದ ವಿರುದ್ಧ ಕ್ರಮ ಎಂದು ಸೌದಿ ಸರ್ಕಾರ ರಾಜಕುಮಾರರು ಮತ್ತು ಸಿರಿವಂತರನ್ನು ರಿಯಾದ್‌ನ ಐಷಾರಾಮಿ ಹೋಟೆಲ್ಲೊಂದರಲ್ಲಿ ಕೂಡಿಹಾಕಿತು. ಅವರಲ್ಲಿ ಅಲ್-ಇಬ್ರಾಹಿಂ ಕೂಡ ಇದ್ದರು. ಹೊರಗೆ ಬರುವ ಹೊತ್ತಿಗೆ ಎಂಬಿಸಿಯ ದೊಡ್ಡ ಪಾಲು ಸರ್ಕಾರದ ಕೈಗೆ ಬಂದಿತ್ತು. ಆಮೇಲೆ ಎಂಬಿಸಿ ಏನು ತೋರಿಸಿದರೂ 'ಇದು ರಿಯಾದ್‌ನ ಮಾತು' ಎಂದು ಓದುವುದು ಜನರಿಗೆ ರೂಢಿಯಾಯಿತು.

ಆ ಓದು ಪೂರ್ತಿ ಕಲ್ಪನೆಯೂ ಅಲ್ಲ. 2017ರಲ್ಲಿ ಸೌದಿ ಮತ್ತು ಮಿತ್ರ ದೇಶಗಳು ಕತಾರ್‌ಗೆ ಬಹಿಷ್ಕಾರ ಹಾಕಿದವು. ಟರ್ಕಿ ಕತಾರ್ ಪರ ನಿಂತಿತು. 2018ರ ಮಾರ್ಚ್‌ನಲ್ಲಿ ಎಂಬಿಸಿಯಲ್ಲಿ ಟರ್ಕಿ ಸೀರಿಯಲ್‌ಗಳು ಅರ್ಧಕ್ಕೇ ನಿಂತುಹೋದವು. ನೋಡುತ್ತಿದ್ದವರಿಗೆ ಕಥೆಯ ಕೊನೆಯೂ ಸಿಗಲಿಲ್ಲ. ಎರಡು ದೇಶಗಳು ಮತ್ತೆ ಕೈಕುಲುಕಿದ ಮೇಲೆ ಟರ್ಕಿ ಸೀರಿಯಲ್‌ಗಳೂ ವಾಪಸ್ಸು ಬಂದವು. 2020ರ ರಂಜಾನ್‌ನಲ್ಲಿ ಕೊಲ್ಲಿಯ ಯಹೂದಿ ಸೂಲಗಿತ್ತಿಯೊಬ್ಬಳ ಕಥೆ 'ಉಮ್ ಹಾರೂನ್' ಬಂತು. ಇಸ್ರೇಲ್ ಜೊತೆ ಗೆಳೆತನಕ್ಕೆ ಜನರ ಮನಸ್ಸು ಹದ ಮಾಡುತ್ತಿದ್ದಾರೆ ಎಂದು ಪ್ಯಾಲೆಸ್ಟೀನ್ ಕಡೆಯವರು ಸಿಟ್ಟಾದರು. ಅದೇ ವರ್ಷ ಆಗಸ್ಟ್‌ನಲ್ಲಿ ಯುಎಇ ಮತ್ತು ಇಸ್ರೇಲ್ ಒಪ್ಪಂದ ಘೋಷಣೆಯಾಯಿತು. ಸೀರಿಯಲ್ಲಿಗೂ ಒಪ್ಪಂದಕ್ಕೂ ನೇರ ಸಂಬಂಧ ಇತ್ತು ಎಂದು ಇದರಿಂದ ಸಾಬೀತಾಗುವುದಿಲ್ಲ. ಆದರೆ ಪಂಚಾಂಗ ನೋಡುವ ಹಾಗೆ ಸೀರಿಯಲ್ ಪಟ್ಟಿ ನೋಡುವ ಅಭ್ಯಾಸ ಇಂಥ ಅನುಭವಗಳಿಂದಲೇ ಬಂದದ್ದು.

'ಮುಆವಿಯಾ' ಮೊದಲು ಬರಬೇಕಿದ್ದದ್ದು 2023ರ ರಂಜಾನ್‌ಗೆ. ಆಗ ಇರಾಕಿನ ಶಿಯಾ ನಾಯಕ ಮುಖ್ತದಾ ಅಲ್-ಸದ್ರ್ ಇದನ್ನು ತೋರಿಸಬೇಡಿ ಎಂದು ಬಹಿರಂಗವಾಗಿ ಕೇಳಿದರು. ಅದೇ ವರ್ಷದ ಮಾರ್ಚ್ 10ರಂದು ಚೀನಾದ ಮಧ್ಯಸ್ಥಿಕೆಯಲ್ಲಿ ಸೌದಿ ಮತ್ತು ಇರಾನ್ ರಾಜಿಯಾದವು. ಸೀರಿಯಲ್ ಮುಂದೆ ಹೋಯಿತು. ಇವನ್ನೆಲ್ಲ ಜೋಡಿಸಿ ನೋಡಿದವರ ತಪ್ಪೇನೂ ಇಲ್ಲ.

ಮೂರು ಆಕ್ಷೇಪ, ಮೂರು ಬೇರೆ ಕಾರಣ

ಇರಾಕಿನ ವಾದ ಎಂದರೆ ಶಾಂತಿ ಕದಡುತ್ತದೆ ಎಂಬುದು. ವಿವಾದದ ಇತಿಹಾಸವನ್ನು ರಂಜಾನ್‌ನಲ್ಲಿ ತೋರಿಸಿದರೆ ಪಂಗಡಗಳ ನಡುವೆ ಮಾತು ಬೆಳೆಯುತ್ತದೆ ಎಂದು ಆಯೋಗ ಹೇಳಿತು. ದೂರದಿಂದ ನೋಡಿದರೆ ಸರ್ಕಾರಿ ನೆಪದಂತೆ ಕಾಣುತ್ತದೆ. ಹತ್ತಿರ ಹೋಗಿ ನೋಡಿ. ಅಲಿ ಅವರ ಸಮಾಧಿ ನಜಫ್‌ನಲ್ಲಿದೆ. ಅವರ ಹತ್ಯೆಯಾದ ಕೂಫಾ ಅಲ್ಲೇ ಪಕ್ಕದಲ್ಲಿದೆ. ಕರ್ಬಲಾಕ್ಕೆ ಪ್ರತಿವರ್ಷ ಲಕ್ಷಾಂತರ ಜನ ಕಾಲ್ನಡಿಗೆಯಲ್ಲಿ ಹೋಗುತ್ತಾರೆ. ನಮಗೆ ಇತಿಹಾಸದ ಹೆಸರುಗಳಾದ ಈ ಊರುಗಳು ಅವರಿಗೆ ಬಸ್ಸಿನ ಬೋರ್ಡಿನ ಮೇಲಿರುವ ಹೆಸರುಗಳು. 2006ರಲ್ಲಿ ಸಮರ್ರಾದ ಶಿಯಾ ದರ್ಗಾದ ಚಿನ್ನದ ಗುಮ್ಮಟವನ್ನು ಬಾಂಬಿಟ್ಟು ಉರುಳಿಸಿದ ಮೇಲೆ ಶಿಯಾ-ಸುನ್ನಿ ಹತ್ಯಾಕಾಂಡವೇ ನಡೆಯಿತು. ಆ ಗಾಯ ಇನ್ನೂ ಹಸಿಯಾಗಿರುವ ಊರಿನಲ್ಲಿ ಭಯಕ್ಕೆ ಅರ್ಥವಿದೆ.

ಎಂಬಿಸಿ ಮೇಲೆ ಹಳೆಯ ಸಿಟ್ಟೂ ಇತ್ತು. 2024ರ ಅಕ್ಟೋಬರ್‌ನಲ್ಲಿ ಎಂಬಿಸಿಯ ಒಂದು ವರದಿ ಹಮಾಸ್, ಹಿಜ್ಬುಲ್ಲಾ ನಾಯಕರನ್ನು ಭಯೋತ್ಪಾದಕರ ಸಾಲಿಗೆ ಸೇರಿಸಿತು. ಬಾಗ್ದಾದ್‌ನಲ್ಲಿ ಜನ ಚಾನೆಲ್ಲಿನ ಕಚೇರಿಗೆ ನುಗ್ಗಿ ಒಡೆದುಹಾಕಿದರು. ಇದೇ ಆಯೋಗ ಚಾನೆಲ್ಲಿನ ಪರವಾನಗಿಗೆ ಕೈಹಾಕಿತು. ನಾಲ್ಕೇ ತಿಂಗಳಲ್ಲಿ 'ಮುಆವಿಯಾ' ಬಂತು.

ಇರಾನಿನದ್ದು ಬೇರೆ ದಾರಿ. ಅದು ಈ ಆಟದಲ್ಲಿ ಸುಮ್ನೆ ನೋಡುತ್ತ ಕೂತ ದೇಶವಲ್ಲ. 2010ರಲ್ಲಿ ಅಲ್ಲಿನ ಸರ್ಕಾರಿ ಟಿವಿ ಕರ್ಬಲಾದ ಸೇಡು ತೀರಿಸಿಕೊಂಡ ಮುಖ್ತಾರ್ ಕಥೆಯನ್ನು ನಲವತ್ತು ಕಂತುಗಳ ಭಾರಿ ಸೀರಿಯಲ್ ಆಗಿ ಮಾಡಿತು. ಅರಬ್ಬಿಗೂ ಡಬ್ ಆಯಿತು, ಇರಾಕಿನಲ್ಲಿ ಮನೆಮನೆ ತಲುಪಿತು. ಅದರಲ್ಲಿ ಖಳರು ಉಮಯ್ಯದ್ ಕಡೆಯವರು. ಅಂದರೆ ಒಂದು ಕಡೆಯ ಸೀರಿಯಲ್ ಆಗಲೇ ಓಡಿ ಗೆದ್ದಿತ್ತು. 'ಮುಆವಿಯಾ' ಬಂದದ್ದು ಖಾಲಿ ಮೈದಾನಕ್ಕಲ್ಲ. ಅದರ ಪರ ಇರುವವರ ಗಟ್ಟಿ ವಾದವೂ ಇದೇ. ಅವರು ಅವರ ಕಥೆ ಹೇಳಬಹುದಾದರೆ ನಾವು ನಮ್ಮದನ್ನು ಯಾಕೆ ಹೇಳಬಾರದು? ನೋಡುವವರು ಚಿಕ್ಕ ಮಕ್ಕಳೇ? ಈ ಪ್ರಶ್ನೆಗೆ ತೆಹರಾನ್ ಬಳಿ ಒಳ್ಳೆಯ ಉತ್ತರ ಇದ್ದಂತಿಲ್ಲ.

ಅಲ್-ಅಝರ್ ಕಡೆಯ ಆಕ್ಷೇಪಕ್ಕೂ ಶಿಯಾ-ಸುನ್ನಿ ಲೆಕ್ಕಕ್ಕೂ ಸಂಬಂಧವೇ ಇಲ್ಲ. ಅವರ ತಕರಾರು ಮುಖದ ಬಗ್ಗೆ. ಪ್ರವಾದಿಗಳು, ಪ್ರವಾದಿಯವರ ಮನೆಯವರು, ಹಿರಿಯ ಒಡನಾಡಿಗಳು, ಇವರ ಪಾತ್ರವನ್ನು ಯಾವ ನಟನೂ ಮಾಡಬಾರದು ಎಂಬುದು ಅವರ ಹಳೆಯ ನಿಲುವು. ಇವತ್ತು ಅಲಿ ಆದವನು ನಾಳೆ ಇನ್ನೊಂದು ಸಿನಿಮಾದಲ್ಲಿ ಕುಡುಕನ ವೇಷ ಹಾಕಿದರೆ ಜನರ ಮನಸ್ಸಿನಲ್ಲಿ ಯಾವುದು ಉಳಿಯುತ್ತದೆ ಎಂಬುದು ಇದರ ಹಿಂದಿನ ಯೋಚನೆ. ಎನ್‌ಟಿಆರ್ ಮುಖದಲ್ಲಿ ಕೃಷ್ಣನನ್ನು ಕಂಡು ಕೈಮುಗಿದ ದಕ್ಷಿಣ ಭಾರತದವರಿಗೆ ಈ ಅಂಜಿಕೆ ತಲೆಕೆಳಗಾಗಿ ಕಾಣಬಹುದು. ನಟನ ಮುಖ ದೇವರ ಮುಖವಾಗಿಬಿಡುತ್ತದೆ ಎನ್ನುವುದು ನಮಗೂ ಗೊತ್ತು, ಅವರಿಗೂ ಗೊತ್ತು. ನಾವು ಅದನ್ನು ಹಬ್ಬ ಮಾಡಿಕೊಂಡೆವು, ಅವರು ಬಾಗಿಲು ಹಾಕಿದರು.

ನಿರ್ದೇಶಕರು ಈ ಬಾಗಿಲಿನ ಸಂದಿಯಲ್ಲೇ ತೂರಿ ಬಂದಿದ್ದಾರೆ. 1976ರಲ್ಲಿ ಮುಸ್ತಫಾ ಅಕ್ಕಾದ್ ಪ್ರವಾದಿಯವರ ಕಾಲದ ಬಗ್ಗೆ ಸಿನಿಮಾ ಮಾಡಿದಾಗ ಪ್ರವಾದಿಯವರನ್ನು ತೋರಿಸಲೇ ಇಲ್ಲ. ಧ್ವನಿಯೂ ಇಲ್ಲ. ಕ್ಯಾಮೆರಾವೇ ಅವರ ಕಣ್ಣಾಯಿತು. ಎದುರಿಗಿದ್ದ ನಟರು ಲೆನ್ಸಿಗೇ ಮುಖಮಾಡಿ ಗೌರವದಿಂದ ಮಾತಾಡಿದರು. ಅಲಿ ಇದ್ದಾರೆಂದು ಗೊತ್ತಾಗುವುದು ಅವರ ಎರಡು ಮೊನೆಯ ಕತ್ತಿಯಿಂದ ಮಾತ್ರ. 2012ರಲ್ಲಿ ಎಂಬಿಸಿ ಮತ್ತು ಕತಾರ್ ಟಿವಿ ಸೇರಿ 'ಉಮರ್' ಸೀರಿಯಲ್ ಮಾಡಿದಾಗ ಆ ಗೆರೆ ದಾಟಿತು. ನಾಲ್ವರು ಖಲೀಫರ ಮುಖಗಳೂ ತೆರೆಗೆ ಬಂದವು. ಬೇರೆ ಕೆಲವು ಸುನ್ನಿ ವಿದ್ವಾಂಸರು ಚಿತ್ರಕಥೆ ನೋಡಿ ಒಪ್ಪಿದ್ದರು, ಅಲ್-ಅಝರ್ ಒಪ್ಪಲಿಲ್ಲ. ಸೀರಿಯಲ್ ಭರ್ಜರಿಯಾಗಿ ಓಡಿತು. 'ಮುಆವಿಯಾ'ದಲ್ಲಿ ಜೋರ್ಡಾನಿನ ನಟ ಇಯಾದ್ ನಸ್ಸಾರ್ ಅಲಿ ಆದರು, ಸಿರಿಯಾದ ಲುಜೈನ್ ಇಸ್ಮಾಯಿಲ್ ಮುಆವಿಯಾ ಆದರು. ಅಲ್-ಅಝರ್ ಹಳೆಯ ಮಾತನ್ನೇ ಮತ್ತೆ ಹೇಳಿತು.

ಹೀಗೆ ಒಂದೇ ಸೀರಿಯಲ್ ಬೇಡ ಎಂದ ಮೂವರಲ್ಲಿ ಒಬ್ಬರಿಗೆ ಬೀದಿಯ ಭಯ, ಒಬ್ಬರಿಗೆ ಎದುರಾಳಿಯ ಕಥೆಯ ಭಯ, ಒಬ್ಬರಿಗೆ ನಟನ ಮುಖದ ಭಯ. ಸುದ್ದಿಯಲ್ಲಿ ಮೂರನ್ನೂ ಒಂದೇ ಸಾಲಿಗೆ ಸೇರಿಸಿದ್ದರಿಂದ ಗೊಂದಲವಾಯಿತು.

ಡಮಾಸ್ಕಸ್‌ನಲ್ಲಿ ಆಗ ಏನಾಗುತ್ತಿತ್ತು

2023ರಲ್ಲಿ ಬಂದಿದ್ದರೆ ಇದು ಹಳೆಯ ರಾಜನ ಕಥೆ ಅಷ್ಟೇ ಆಗಿ ಉಳಿಯುತ್ತಿತ್ತೇನೋ. ಎರಡು ವರ್ಷ ತಡವಾದದ್ದರಿಂದ ಅದಕ್ಕೆ ಬೇರೆಯದೇ ಬಣ್ಣ ಹತ್ತಿತು.

2024ರ ಡಿಸೆಂಬರ್ 8ರಂದು ಸಿರಿಯಾದ ಬಶರ್ ಅಲ್-ಅಸದ್ ಸರ್ಕಾರ ಬಿತ್ತು. ಇರಾನ್‌ಗೆ ದೊಡ್ಡ ಮಿತ್ರ ಹೋದ. ಅಧಿಕಾರ ಹಿಡಿದು ಡಮಾಸ್ಕಸ್‌ಗೆ ಬಂದ ಹೊಸ ನಾಯಕ ಅಹ್ಮದ್ ಅಲ್-ಶರಾ ಅವರ ಬೆಂಬಲಿಗರಲ್ಲಿ ಅನೇಕರು ತಮ್ಮನ್ನು ಉಮಯ್ಯದ್‌ಗಳ ವಾರಸುದಾರರು ಎಂದು ಕರೆದುಕೊಂಡರು. ಡಮಾಸ್ಕಸ್ ಉಮಯ್ಯದ್ ರಾಜಧಾನಿ ತಾನೇ? ಅಲ್ಲಿನ ದೊಡ್ಡ ಮಸೀದಿಯ ಹೆಸರೂ ಅದೇ. ಒಂದು ವಂಶದ ಹೆಸರು ದಿಢೀರನೆ ರಾಜಕೀಯದ ಘೋಷಣೆಯಾಯಿತು.

ಸೀರಿಯಲ್ ಶುರುವಾದ ಮೊದಲ ವಾರ ಇನ್ನೂ ಮುಗಿದಿರಲಿಲ್ಲ. ಮಾರ್ಚ್ 6ರಿಂದ ಸಿರಿಯಾದ ಕರಾವಳಿಯಲ್ಲಿ ಅಸದ್ ಪರ ಬಂದೂಕುಧಾರಿಗಳಿಗೂ ಹೊಸ ಸರ್ಕಾರದ ಪಡೆಗಳಿಗೂ ಕಾಳಗವಾಯಿತು. ಅದರ ಬೆನ್ನಿಗೆ ಅಲವಿ ಸಮುದಾಯದ ನೂರಾರು ಮಂದಿ ಸಾಮಾನ್ಯರನ್ನು ಮನೆಗಳಿಗೆ ನುಗ್ಗಿ ಕೊಂದರು. ಅಲವಿಗಳಿಗೆ ಅಲಿ ಅವರೇ ನಂಬಿಕೆಯ ನಡುಗಂಬ. ಸೀರಿಯಲ್‌ಗೂ ಈ ಕೊಲೆಗಳಿಗೂ ಯಾವ ನಂಟೂ ಇಲ್ಲ, ಇದನ್ನು ಸ್ಪಷ್ಟವಾಗಿ ಹೇಳಬೇಕು. ಆದರೆ ಫೋನಿನಲ್ಲಿ ಒಂದರ ಕೆಳಗೊಂದು ವಿಡಿಯೋ ನೋಡುವವರಿಗೆ ಹಾಗೆ ಬೇರೆ ಮಾಡಿ ನೋಡುವುದು ಸುಲಭವೇ? ಒಂದು ವಿಡಿಯೋದಲ್ಲಿ ತೆರೆಯ ಮೇಲಿನ ಉಮಯ್ಯದ್ ಬಾವುಟ, ಇನ್ನೊಂದರಲ್ಲಿ ಬಂದೂಕು ಹಿಡಿದವನ ಬಾಯಲ್ಲಿ ಅದೇ ಹೆಸರು. ನಿರ್ಮಾಪಕರು ಚಿತ್ರೀಕರಣ ಮಾಡುವಾಗ ಇದನ್ನು ಊಹಿಸಿರಲು ಸಾಧ್ಯವಿಲ್ಲ.

ನಿಷೇಧದಿಂದ ಆಗಿದ್ದೇನು?

ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಎಂಬಿಸಿಗೆ 'ಶಾಹಿದ್' ಎಂಬ ಆ್ಯಪ್ ಇದೆ. ಅರಬ್ಬಿಯಲ್ಲಿ ಆ ಹೆಸರಿಗೆ 'ನೋಡು' ಎಂದೇ ಅರ್ಥ. ಟಿವಿಯಲ್ಲಿ ತಡೆದದ್ದನ್ನು ಆ್ಯಪ್‌ನಲ್ಲಿ ನೋಡಬಹುದು. ಅದನ್ನೂ ಮುಚ್ಚಿದರೆ ವಿಪಿಎನ್ ಇದೆ, ಟೆಲಿಗ್ರಾಂ ಇದೆ. ದುಡ್ಡು ಕೊಡದವರಿಗೆ ಮೂರು ನಿಮಿಷದ ತುಣುಕುಗಳು ಬಿಟ್ಟಿ ಸಿಗುತ್ತವೆ.

ನಿಷೇಧ ತಂದ ಬದಲಾವಣೆ ಎಂದರೆ ಪೂರ್ತಿ ಕಂತು ನೋಡುವವರು ಕಡಿಮೆಯಾಗಿ ತುಣುಕು ನೋಡುವವರು ಜಾಸ್ತಿಯಾಗುವುದು. ಪೂರ್ತಿ ನೋಡಿದವರಿಗೆ ಕಥೆಯ ಹಿಂದುಮುಂದು ಗೊತ್ತಿರುತ್ತದೆ. ತುಣುಕು ನೋಡಿದವರಿಗೆ ಒಂದು ಮುಖ, ಒಂದು ಮಾತು, ಮೇಲೊಂದು ಸಿಟ್ಟಿನ ಶೀರ್ಷಿಕೆ ಅಷ್ಟೇ. ಜಗಳ ತಡೆಯಲು ಹಾಕಿದ ಬೀಗ ಜಗಳಕ್ಕೆ ಬೇಕಾದ ಸರಕನ್ನೇ ಹೊರಗೆ ಬಿಡುತ್ತದೆ. ಇದು ಸರ್ಕಾರಗಳಿಗೂ ಗೊತ್ತು. ಆದರೂ ನಿಷೇಧ ಹಾಕುವುದು ನೋಡುವವರನ್ನು ತಡೆಯಲು ಎನ್ನುವುದಕ್ಕಿಂತ, ನಾವು ಕೈಕಟ್ಟಿ ಕೂತಿಲ್ಲ ಎಂದು ತಮ್ಮವರಿಗೆ ತೋರಿಸಲು.

ಹಿಂದೆ ಇಂಥ ಚರ್ಚೆ ಸ್ವಲ್ಪ ನಿಧಾನವಾಗಿ ನಡೆಯುತ್ತಿತ್ತು. 2003ರಲ್ಲಿ ಯುದ್ಧದ ಬಾಗ್ದಾದ್‌ನಿಂದ ಸಲಾಂ ಪ್ಯಾಕ್ಸ್ ಎಂಬ ಅಡ್ಡಹೆಸರಿನ ಬ್ಲಾಗರ್ ದಿನಚರಿ ಬರೆದಾಗ ಜಗತ್ತೇ ಓದಿತು. ಆ ದಶಕದಲ್ಲಿ ಕೈರೋ, ಬೈರೂತ್, ರಿಯಾದ್‌ನ ಬ್ಲಾಗರ್‌ಗಳು ರಾಜಕೀಯದ ಪಕ್ಕದಲ್ಲೇ ಸೀರಿಯಲ್, ಹಾಡು, ಜಾಹೀರಾತುಗಳ ಬಗ್ಗೆಯೂ ಪುಟಗಟ್ಟಲೆ ಬರೆದರು. ಆಮೇಲೆ ಅವರಲ್ಲಿ ಕೆಲವರ ಗತಿ ಏನಾಯಿತು? ಸೌದಿಯ ರಾಯಿಫ್ ಬದಾವಿ 2012ರಲ್ಲಿ ಬಂಧನವಾಗಿ ಹತ್ತು ವರ್ಷ ಜೈಲಿನಲ್ಲಿದ್ದರು, ಛಡಿಯೇಟೂ ತಿಂದರು. ಈಜಿಪ್ಟಿನ ಅಲಾ ಅಬ್ದುಲ್ ಫತ್ತಾಹ್ ಜೈಲಿಗೆ ಹೋಗಿ ಬಂದು, ಮತ್ತೆ ಹೋಗಿ, ಹೊರಗೆ ಬಂದದ್ದು 2025ರ ಸೆಪ್ಟೆಂಬರ್‌ನಲ್ಲಿ. ಉದ್ದಕ್ಕೆ ಬರೆಯುವವರು ಮೌನವಾದ ಜಾಗವನ್ನು ತುಣುಕು ಕತ್ತರಿಸುವವರು ತುಂಬಿದ್ದಾರೆ.

ಇನ್ನು ಮುಂದೆ?

ಮೊದಲನೆಯದಾಗಿ, ಎದುರು-ಸೀರಿಯಲ್‌ಗಳು ಬರುತ್ತವೆ. ಒಂದು ಕಡೆಯವರು ಹತ್ತು ಕೋಟಿ ಡಾಲರ್ ಸುರಿದರೆ ಇನ್ನೊಂದು ಕಡೆಯವರು ಸುಮ್ನಿರುವುದಿಲ್ಲ. ಎಐ ಬಂದ ಮೇಲೆ ದೊಡ್ಡ ಯುದ್ಧದ ದೃಶ್ಯ ಮಾಡುವ ಖರ್ಚೂ ಇಳಿಯುತ್ತಿದೆ.

ಅದಕ್ಕಿಂತ ಯೋಚನೆಗೆ ಹಚ್ಚುವುದು ಇನ್ನೊಂದಿದೆ. ನಿರ್ಮಾಪಕರ ಜಾಗದಲ್ಲಿ ಕೂತು ನೋಡಿ. ಇತಿಹಾಸ ಮುಟ್ಟಿದರೆ ನೆರೆಯ ದೇಶ ನಿಷೇಧಿಸುತ್ತದೆ, ವಿದ್ವಾಂಸರು ಬೇಡ ಎನ್ನುತ್ತಾರೆ. ಇಂದಿನ ರಾಜಕೀಯ ಮುಟ್ಟಿದರೆ ಸ್ವಂತ ಸರ್ಕಾರವೇ ಬಿಡುವುದಿಲ್ಲ. ಅತ್ತ ದರಿ, ಇತ್ತ ಪುಲಿ. ಮಿಕ್ಕಿದ್ದೇನು? ಗೂಂಡಾ ಕಥೆ, ಸೇಡಿನ ಕಥೆ, ಅತ್ತೆ-ಸೊಸೆ, ಆಸ್ತಿ ಜಗಳ, ಚೀರಾಟ. ಈಜಿಪ್ಟಿನ ಸೀರಿಯಲ್ ಮಾರುಕಟ್ಟೆಯ ಬಹುಪಾಲು ಈಗ ಸರ್ಕಾರಕ್ಕೆ ಹತ್ತಿರದ ಒಂದೇ ಕಂಪನಿಯ ಕೈಯಲ್ಲಿದೆ. ಅಲ್ಲಿಂದ ಬರುತ್ತಿರುವುದು ಬಹಳಷ್ಟು ಇದೇ. 2025ರ ಅದೇ ರಂಜಾನ್‌ನಲ್ಲಿ ಅಧ್ಯಕ್ಷ ಸೀಸಿ ಅವರು ಸೀರಿಯಲ್‌ಗಳ ಮಟ್ಟ ಇಳಿದಿದೆ ಎಂದು ಬೇಸರ ಮಾಡಿಕೊಂಡರು. ಬೆನ್ನಿಗೇ ಸರ್ಕಾರ ಒಂದು ಸಮಿತಿ ಮಾಡಿತು. ಬೇಲಿ ಹಾಕಿದವರೇ ಹಸು ಯಾಕೆ ಬಡವಾಗಿದೆ ಎಂದು ವಿಚಾರಿಸಲು ಬಂದರು!

ಬೇಲಿಯೊಳಗೂ ಅಪರೂಪಕ್ಕೆ ಒಳ್ಳೆಯ ಬೆಳೆ ಬರುತ್ತದೆ. ಅದೇ 2025ರಲ್ಲಿ ಈಜಿಪ್ಟಿನ 'ಲಾಮ್ ಶಮ್ಸಿಯಾ' ಸೀರಿಯಲ್ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯವನ್ನು ಮೈಯೆಲ್ಲ ಎಚ್ಚರವಾಗಿಟ್ಟುಕೊಂಡು ಹೇಳಿತು. ಖಲೀಫರ ಕಾಲದ ಯುದ್ಧಕ್ಕಿಂತ ಶಾಲೆಯೊಂದರ ಮೌನ ಹಲವು ತಾಯಂದಿರನ್ನು ಹೆಚ್ಚು ಕಾಡಿತು. ಅದಕ್ಕೆ ಶಿಷ್ಟ ಅರಬ್ಬಿಯೂ ಬೇಕಾಗಲಿಲ್ಲ, ಹತ್ತು ಕೋಟಿ ಡಾಲರೂ ಬೇಕಾಗಲಿಲ್ಲ.

ಎಂಬಿಸಿಗಂತೂ ಮುಂದಿನ ಲೆಕ್ಕ ಶುರುವಾಗಿದೆ. ಚಾಂದ್ರಮಾನದ ತಿಂಗಳಾದ್ದರಿಂದ ರಂಜಾನ್ ಪ್ರತಿವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. 2030ರಲ್ಲಿ ಅದು ಒಂದೇ ಕ್ಯಾಲೆಂಡರ್ ವರ್ಷದಲ್ಲಿ ಎರಡು ಸಲ ಬರಲಿದೆ, ಜನವರಿಯಲ್ಲಿ ಒಮ್ಮೆ, ಡಿಸೆಂಬರ್ ಕೊನೆಗೆ ಇನ್ನೊಮ್ಮೆ. ಆ ವರ್ಷ ಎರಡು ಸೀಸನ್ ತುಂಬಿಸಬೇಕು, ಎರಡು ಸಲ ಮೂವತ್ತು ರಾತ್ರಿ. ಬಾಗ್ದಾದ್‌ನ ಆಯೋಗಕ್ಕೂ ಆ ವರ್ಷ ಕೆಲಸ ಎರಡು ಪಟ್ಟು.